ಅತ್ತೆ ನಾಟಕಕ್ಕೆ ಹೇಳಲಿಕ್ಕೆ ಬಂದಿದ್ದಾರೆ

ನನ್ನ ಅತ್ತೆ ಬಂಟ್ವಾಳ ತಾಲೂಕಿನ ಅರ್ಧ ಜನರೊಂದಿಗೆ ಮಾತು ಬಿಟ್ಟಿದ್ದಾರೆ. ಉಳಿದ ಅರ್ಧ ಜನ ಅವರ ನಾಟಕಕ್ಕೆ ಬಂದವರು! ಆಸ್ತಿ ಜಗಳವೆಂದರೆ ಇಲ್ಲ, ಬೇಲಿ ತಕರಾರೆಂದರೆ ಅದೂ ಇಲ್ಲ. ಕರೆದರೂ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಇಷ್ಟು ಜನರ ಮೇಲೆ ಮುನಿಸಿಕೊಂಡು, ಆ ಮುನಿಸನ್ನು ಇಷ್ಟು ಜತನದಿಂದ ಕಾಪಾಡಿಕೊಂಡು ಬಂದ ಇನ್ನೊಬ್ಬರನ್ನು ನಾನಂತೂ ಕಂಡಿಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮೆಲ್ಕಾರಿನಲ್ಲಿ ಅವರ ಮನೆಗೆ ತಾಗಿಕೊಂಡೇ ಒಂದು ದೊಡ್ಡ ಹೆಂಚಿನ ಕಟ್ಟಡ ಉಂಟು. ಮಾವ ಇದ್ದಾಗ ಅದು ಗೇರುಬೀಜದ ಗೋದಾಮು. ಮಾವ ಹೋದ ಮೇಲೆ ಎಲ್ಲರೂ ಬಾಡಿಗೆಗೆ ಕೊಡಿ, ಬಾಡಿಗೆಗೆ ಕೊಡಿ ಎಂದರು. ಅತ್ತೆ ಒಳಗೆ ಮರದ ಹಲಗೆ ಹಾಸಿ ಒಂದು ವೇದಿಕೆ ಕಟ್ಟಿಸಿದರು. ಅಂದಿನಿಂದ ಅಲ್ಲಿ ನಾಟಕ, ತಾಳಮದ್ದಳೆ, ಸಂಗೀತ ಕಚೇರಿ, ಏನಾದರೊಂದು ನಡೆಯುತ್ತಲೇ ಇದೆ. ಅತ್ತೆ ಅದನ್ನು 'ರಂಗಮಂದಿರ' ಎನ್ನುತ್ತಾರೆ. ರಿಕ್ಷಾದವರು 'ಬೀಜದ ಗೋದಾಮು' ಎನ್ನುತ್ತಾರೆ. ರಿಕ್ಷಾದವರದ್ದೂ ತಪ್ಪಲ್ಲ, ಹುರಿದ ಬೀಜದ ಪರಿಮಳ ಇನ್ನೂ ಗೋಡೆ ಬಿಟ್ಟು ಹೋಗಿಲ್ಲ. ಎಂಥ ದುಃಖದ ದೃಶ್ಯದಲ್ಲೂ ಪ್ರೇಕ್ಷಕರಿಗೆ ಹಸಿವಾಗುತ್ತದೆ!

ಆದರೆ ನಾನು ಹೇಳಹೊರಟದ್ದು ಗೋದಾಮಿನ ವಿಷಯವಲ್ಲ, ಹೇಳಿಕೆಯ ವಿಷಯ. ನಮ್ಮ ಕಡೆ ಮದುವೆಗೆ ಬರಿದೆ ಕಾಗದ ಕೊಟ್ಟರೆ ಆಗುವುದಿಲ್ಲ. ಮನೆಗೆ ಹೋಗಬೇಕು, ಕೂತು ಬಾಯಿಬಿಟ್ಟು ಹೇಳಬೇಕು. ಅದೇ ಹೇಳಿಕೆ. ಅತ್ತೆ ನಾಟಕಕ್ಕೂ ಹಾಗೆಯೇ ಹೇಳುತ್ತಾರೆ. ಪ್ರತಿ ನಾಟಕಕ್ಕೂ! ಅವರ ಪ್ರಕಾರ ಪೋಸ್ಟರ್ ಅಂಟಿಸುವುದು ಜನರಿಗೆ ಮಾಡುವ ಅವಮಾನ.

"ಗೋಡೆಗೆ ಹೇಳಿದರೆ ಗೋಡೆ ಬರ್ತದೆ" ಎನ್ನುತ್ತಾರೆ.

ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುವವನು. ರಜಾದಿನಗಳಲ್ಲಿ ಅತ್ತೆಯ ಸ್ಕೂಟರ್ ಚಾಲಕ. ಹೋದ ಮನೆಯಲ್ಲಿ ಅತ್ತೆ ತಟ್ಟನೆ ವಿಷಯ ಎತ್ತುವುದಿಲ್ಲ. ಮೊದಲು ಹಟ್ಟಿಯ ದನ, ಮತ್ತೆ ಅಜ್ಜಿಯ ಸೊಂಟನೋವು, ಆಮೇಲೆ ಕಾಫಿ. ಕಾಫಿ ಮುಗಿದ ಮೇಲೆ ಎದ್ದು ನಿಂತು, ಸೆರಗು ಸರಿಮಾಡಿ, ಮನೆಯ ಹಿರಿಯರಿಗೆ ಕೈಮುಗಿದು, "ಬರುವ ಶನಿವಾರ ಸಂಜೆ ನಮ್ಮಲ್ಲಿ ನಾಟಕ ಉಂಟು. ಮನೆಮಂದಿ ಎಲ್ಲ ಬಂದು ಚಂದಗಾಣಿಸಿ ಕೊಡಬೇಕು" ಎನ್ನುತ್ತಾರೆ. ಹಿರಿಯರಿಗೇ ಹೇಳಬೇಕು, ಕಿರಿಯರಿಗೆ ಹೇಳಿ ಬರುವ ಹಾಗಿಲ್ಲ. ಒಮ್ಮೆ ಒಂದು ಮನೆಯ ಹಿರಿಯಜ್ಜಿ ಎಣ್ಣೆಸ್ನಾನಕ್ಕೆ ಕೂತಿದ್ದರು. ನಾವು ಕಾದೆವು. ಅಜ್ಜಿಯ ಕೂದಲು ಒಣಗುವವರೆಗೂ ಕಾದೆವು!

"ಅತ್ತೆ, ಒಂದು ವಾಟ್ಸಪ್ ಮೆಸೇಜ್ ಹಾಕಿದರೆ ಮುಗಿಯಿತಲ್ಲ?" ಎಂದೆ ವಾಪಸು ಬರುವಾಗ.

"ವಾಟ್ಸಪ್ಪಿನಲ್ಲಿ ಹೇಳಿದರೆ ವಾಟ್ಸಪ್ಪಿನಲ್ಲೇ ಬರ್ತಾರೆ ಮಾರಾಯ. ಹೆಬ್ಬೆರಳು ಎತ್ತಿ ತೋರಿಸ್ತಾರೆ, ಅಷ್ಟೆ. ಹೆಬ್ಬೆರಳನ್ನು ಕುರ್ಚಿಯಲ್ಲಿ ಕೂರಿಸ್ಲಿಕ್ಕೆ ಆಗ್ತದಾ?"

ನಾನು ಸ್ಕೂಟರಿನ ವೇಗ ಹೆಚ್ಚಿಸಿದೆ.

ಇನ್ನು ಹೇಳಿಕೆಯಾದ ಮೇಲೂ ಬಾರದಿದ್ದವರ ಗತಿ. ಅತ್ತೆಯ ಮನೆಯಾಚೆ ಒಬ್ಬರು ಜವಳಿ ಅಂಗಡಿಯವರಿದ್ದಾರೆ. ಮಗಳ ಮದುವೆಗೆ ಕರೆಯಲು ಬಂದರು. ಅತ್ತೆ ಕೂರಿಸಿದರು, ಬೆಲ್ಲ ನೀರು ಕೊಟ್ಟರು. ಆಮೇಲೆ ಮೆಲ್ಲ ಕೇಳಿದರು, "ಮೊನ್ನೆ ವಯಲಿನ್ ಕಚೇರಿಗೆ ನಿಮ್ಮನ್ನು ಕಾಣಲಿಲ್ಲ?"

ಅವರು ತಲೆ ಕೆರೆದುಕೊಂಡು, "ಅದು ಅಕ್ಕ, ನನಗೆ ಸಂಗೀತ ಅರ್ಥ ಆಗುವುದಿಲ್ಲ" ಎಂದರು.

"ನಿಮ್ಮ ಮಗಳ ಮದುವೆಯ ಮಂತ್ರ ನನಗೆ ಅರ್ಥ ಆಗ್ತದಾ? ನಾನು ಬಂದು ಕೂರುವುದಿಲ್ಲವಾ?"

ಮುಂದಿನ ಕಚೇರಿಗೆ ಆ ಮನುಷ್ಯ ಹೆಂಡತಿ, ಮಗಳು, ಹೊಸ ಅಳಿಯ, ಅಳಿಯನ ಅಪ್ಪ ಅಮ್ಮ ಎಲ್ಲರನ್ನೂ ಕರಕೊಂಡು ಬಂದು ಎದುರು ಸಾಲಿನಲ್ಲಿ ಕೂತರು. ರಾಗ ಗೊತ್ತಿಲ್ಲದಿದ್ದರೂ ತಲೆ ಮಾತ್ರ ಎಲ್ಲರಿಗಿಂತ ಜೋರು ಅಲ್ಲಾಡುತ್ತಿತ್ತು. ಈಗ ಅವರಿಗೆ ಸಂಗೀತದ ಹುಚ್ಚು ಹಿಡಿದು, ಅಂಗಡಿಯಲ್ಲಿ ಸೀರೆ ಬಿಡಿಸುವಾಗಲೂ ಗುನುಗುತ್ತಾರೆ.

ಈ ಮದುವೆ ಮರ್ಯಾದೆಯಿಂದ ಒಮ್ಮೆ ಎಡವಟ್ಟೂ ಆಯಿತು. ಲಾಯಿಲದಲ್ಲಿ ಒಂದು ವಯಸ್ಸಾದ ದಂಪತಿಗಳ ಮನೆಗೆ ಹೇಳಿಕೆಗೆ ಹೋಗಿದ್ದೆವು. ಮಳೆ ಮೋಡ ಕಂಡು ಗಡಿಬಿಡಿಯಾಗಿ, ಅತ್ತೆ "ನಮ್ಮಲ್ಲಿ ಕಾರ್ಯಕ್ರಮ ಉಂಟು, ಬರಲೇಬೇಕು" ಎಂದದ್ದಷ್ಟೆ, ಎಂಥ ಕಾರ್ಯಕ್ರಮ ಎಂದು ಹೇಳಲು ಮರೆತರು. ಅವರು ರೇಷ್ಮೆ ಸೀರೆ, ಜರಿ ಶಾಲು, ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಗೋಡೆ ಗಡಿಯಾರದೊಂದಿಗೆ ಬಂದು ಇಳಿದರು. ನಮ್ಮ ಗ್ರಹಚಾರಕ್ಕೆ ಅವರು ಒಳಗೆ ಬರುವಾಗ ವೇದಿಕೆಯಲ್ಲಿ ನಡೆಯುತ್ತಿದ್ದದ್ದೂ ಮದುವೆಯ ದೃಶ್ಯವೇ! ಇಬ್ಬರೂ ಸೀದಾ ಮೇಲೆ ಹತ್ತಿದರು. ಮೂಡುಬಿದಿರೆಯಲ್ಲಿ ಓದುವ ಮಕ್ಕಳ ನಾಟಕ ಅದು. ಮದುಮಗಳಾಗಿದ್ದ ಹುಡುಗಿ ಗಾಬರಿಯಾಗಿ ಅಜ್ಜನ ಕಾಲಿಗೆ ಬಿದ್ದಳು.

"ಯಾವ ಊರಿನ ಮಗಳಮ್ಮ ನೀನು?"

"ವಿಜಯಪುರದಾಕಿ ರೀ ಅಜ್ಜಾರ."

ಅಜ್ಜ ಸಭೆಯ ಕಡೆ ತಿರುಗಿ, "ಸಂಬಂಧ ಸ್ವಲ್ಪ ದೂರದ್ದಾಯಿತು. ಆದರೂ ಹುಡುಗಿ ಪಾಪ, ಒಳ್ಳೆಯವಳು" ಎಂದರು. ಅಕ್ಷತೆ ಹಾಕಿ, ಗಡಿಯಾರ ಕೊಟ್ಟು, ಫೋಟೋಕ್ಕೆಂದು ಮದುಮಕ್ಕಳ ಎರಡು ಬದಿಯಲ್ಲಿ ನಿಂತರು. ಗೋದಾಮಿನ ಹೆಂಚು ಹಾರಿಹೋಗುವಷ್ಟು ನಗು! ಮುಂದಿನ ದೃಶ್ಯದಲ್ಲಿ ನಾಯಕ ಹೆಂಡತಿಯನ್ನು ಬಿಟ್ಟು ಓಡಬೇಕಿತ್ತು. ಅಷ್ಟರಲ್ಲಿ ಎದುರು ಸಾಲಿನಲ್ಲಿ ಕೂತಿದ್ದ ಅಜ್ಜ ಎದ್ದು ನಿಂತು ಗದರಿಸಿದರು, "ಏ, ಎಲ್ಲಿಗೆ? ಗಡಿಯಾರ ತಕ್ಕೊಳ್ಳುವಾಗ ಇರ್ಲಿಲ್ಲವಾ ಬುದ್ಧಿ?" ಹುಡುಗ ಓಡಲಿಲ್ಲ. ನಾಟಕ ಅಲ್ಲಿಗೇ ಸುಖಾಂತ್ಯವಾಯಿತು. ವಿಷಯ ಗೊತ್ತಾದ ಮೇಲೆ ಅಜ್ಜ ನಾಚಿಕೊಳ್ಳಬೇಕಿತ್ತಲ್ಲ? ಎಲ್ಲಿಂದ! ಅಂದಿನಿಂದ ಅವರು ಒಂದು ನಾಟಕವನ್ನೂ ಬಿಟ್ಟವರಲ್ಲ.

ನಗುತ್ತೇನೆ, ನಿಜ. ಆದರೆ ನನಗೆ ಅತ್ತೆಯ ಬಗ್ಗೆ ಇರುವ ಹೆಮ್ಮೆ ಅಷ್ಟಿಷ್ಟಲ್ಲ. ದೊಡ್ಡ ದೊಡ್ಡ ಊರುಗಳ ತಣ್ಣಗಿನ ಸಭಾಂಗಣಗಳಲ್ಲಿ ಮೆತ್ತನೆಯ ಕುರ್ಚಿಗಳು ಖಾಲಿ ಬಿದ್ದಿರುವುದನ್ನು ನಾನು ಕಂಡಿದ್ದೇನೆ. ಇಲ್ಲಿ, ಫ್ಯಾನು ತಿರುಗಿದರೆ ತಿರುಗಿತು ಎನ್ನುವಂಥ ಗೋದಾಮಿನಲ್ಲಿ, ಜನ ಒತ್ತಿ ಒತ್ತಿ ಕೂರುತ್ತಾರೆ. ಯಾಕೆ? ಅವರನ್ನು ಒಬ್ಬರು ಮನೆಗೆ ಬಂದು ಕರೆದಿದ್ದಾರೆ!

ಹೀಗಿರುವಾಗ ಅತ್ತೆಯ ಮೊಣಕಾಲಿನ ಆಪರೇಷನ್ ಆಯಿತು. ಬೆಳ್ತಂಗಡಿಯ ಕೆಲವು ಹುಡುಗ ಹುಡುಗಿಯರು ಕಟ್ಟಿದ ಹೊಸ ತಂಡದ ಮೊದಲ ನಾಟಕ ನಮ್ಮಲ್ಲಿ ಆಗಲೇ ನಿಗದಿಯಾಗಿತ್ತು. ಡಾಕ್ಟರು ಸ್ಕೂಟರಿನ ಹೆಸರು ಎತ್ತಬಾರದೆಂದರು. ನಿಮ್ಮ ಬದಲಿಗೆ ನಾನು ಹೋಗಿ ಹೇಳುತ್ತೇನೆಂದೆ.

"ಯಜಮಾನರು ಇರುವಾಗ ಡ್ರೈವರ್ ಹೋಗಿ ಹೇಳುವ ಕ್ರಮ ಎಲ್ಲಿ ಉಂಟು?" ಎಂದರು. ಆಮೇಲೆ ಬ್ಯಾಂಡೇಜು ಸುತ್ತಿದ ಮೊಣಕಾಲು ನೋಡಿಕೊಂಡು, "ನಿನ್ನ ವಾಟ್ಸಪ್ಪಿನಲ್ಲೇ ಹಾಕು" ಎಂದರು. ಅತ್ತೆ ಸೋತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹಾಕಿದೆ. ಹೆಬ್ಬೆರಳುಗಳು ಬಂದವು. ಅತ್ತೆ ಫೋನು ಕೈಗೆ ತಕ್ಕೊಂಡು ನೋಡಿ ಬದಿಗಿಟ್ಟರು. "ಖಾಲಿ ಕುರ್ಚಿಗಳೆದುರು ಆ ಮಕ್ಕಳು ಹೇಗೆ ನಿಲ್ತಾರೆ ಮಾರಾಯ? ಹಾಗೇನಾದರೂ ಆದರೆ ರಂಗಮಂದಿರದ ಬಾಗಿಲು ಇನ್ನು ತೆರೆಯದ ಹಾಗೆ ಹಾಕಿಬಿಡುವ. ಕರೆಯಲಿಕ್ಕೆ ಆಗದವರು ಕಾರ್ಯಕ್ರಮ ಇಟ್ಟುಕೊಳ್ಳಬಾರದು." ಅದು ಬಾಯಿಮಾತಲ್ಲವೆಂದು ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಜವಳಿ ಅಂಗಡಿಯವರು ಧುಮುಗುಟ್ಟುತ್ತಾ ಬಂದರು.

"ಅಕ್ಕ, ನಮ್ಮಿಂದ ಏನು ತಪ್ಪಾಯಿತು? ಹೇಳಿಬಿಡಿ! ಶನಿವಾರ ನಾಟಕವಂತೆ, ನಮ್ಮನ್ನು ಕರೆಯಲೇ ಇಲ್ಲ!"

"ಮೊಬೈಲಿನಲ್ಲಿ ಹಾಕಿದ್ದಾನಲ್ಲ ಇವನು."

"ಅದು ಕರೆದ ಹಾಗಾ? ಇಷ್ಟು ಸಮಯ ಮನೆಗೆ ಬಂದು ಹೇಳಿದವರು ಈಗ ಮೊಬೈಲಿನಲ್ಲಿ ಹೇಳುವಷ್ಟು ದೂರದವರಾದೆವಾ ನಾವು?"

ಆಮೇಲೆ ಶುರುವಾಯಿತು ನೋಡಿ! ಎಣ್ಣೆಸ್ನಾನದ ಅಜ್ಜಿಯ ಮಗ ಬಂದ, ಅಜ್ಜಿ ಊಟ ಬಿಟ್ಟಿದ್ದಾರೆಂದ. ಲಾಯಿಲದ ದಂಪತಿಗಳು ಬಸ್ಸು ಹಿಡಿದು ಬಂದೇ ಬಿಟ್ಟರು. ಅತ್ತೆಯ ಜಗಲಿಯಲ್ಲಿ ಮುನಿಸಿಕೊಂಡವರ ಸಾಲು! ಊರೆಲ್ಲ ಅತ್ತೆಯಿಂದಲೇ ಕಲಿತ ಸಿಟ್ಟನ್ನು ಅತ್ತೆಯ ಮೇಲೆಯೇ ತೋರಿಸುತ್ತಿತ್ತು. ಅತ್ತೆ ವಾಕರ್ ಹಿಡಿದು ಎದ್ದು ನಿಂತು ಒಬ್ಬೊಬ್ಬರಿಗೂ ಹೇಳಿಕೆ ಮಾಡಿದರು. ಕೂತೇ ಹೇಳಿ ಎಂದರೆ ಕೇಳಬೇಕಲ್ಲ!

ಶನಿವಾರ ಸಂಜೆ ನನ್ನನ್ನು ಗೋದಾಮಿಗೆ ಓಡಿಸಿದರು. "ನಾನು ಮೆಲ್ಲ ಬರ್ತೇನೆ. ಹಿಂದೆ ಕಂಬದ ಹತ್ತಿರ ಕೈ ಇರುವ ಒಂದು ಕುರ್ಚಿ ಇಟ್ಟಿರು, ಕಾಲು ಚಾಚಬೇಕು" ಎಂದರು. ಇಟ್ಟೆ. ಆದರೆ ಬಾಗಿಲಲ್ಲಿ ಕೈಮುಗಿದು ನಿಂತವನಿಗೆ ಆಮೇಲೆ ತಿರುಗಿ ನೋಡಲು ಪುರುಸೊತ್ತು ಸಿಗಲಿಲ್ಲ. ಜನ, ಜನ, ಜನ! ಕುರ್ಚಿ ಮುಗಿದು ಬೆಂಚು ತಂದೆವು, ಬೆಂಚು ಮುಗಿದು ಚಾಪೆ ಹಾಸಿದೆವು, ಕಿಟಕಿ ದಂಡೆಯ ಮೇಲೂ ಹತ್ತಿ ಕೂತರು.

ನಾಟಕ ಶುರುವೆಂದು ಮೂರನೇ ಗಂಟೆ ಹೊಡೆಯುವ ಹೊತ್ತಿಗೆ ಅತ್ತೆ ವಾಕರ್ ಊರುತ್ತಾ ಅಂಗಳ ದಾಟಿ ಬಂದರು. ಮುಖ ಬಿಳಿಚಿಕೊಂಡಿತ್ತು. ಒಳಗೆ ಇಣುಕುವ ಧೈರ್ಯವಾಗದೆ ನನ್ನನ್ನೇ ಕೇಳಿದರು, "ಜನ ಉಂಟಾ?"

"ಅತ್ತೆ, ನಿಮಗೆ ಜಾಗ ಇಲ್ಲ" ಎಂದೆ. "ನಿಮ್ಮ ಕುರ್ಚಿಯಲ್ಲೂ ಯಾರೋ ಕೂತಿದ್ದಾರೆ. ಎಬ್ಬಿಸ್ತೇನೆ, ತಡೆಯಿರಿ."

ಅತ್ತೆ ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡರು. ಕಣ್ಣಲ್ಲಿ ನೀರು ತುಂಬಿತ್ತು.

"ಎಬ್ಬಿಸಬೇಡ ಮಾರಾಯ" ಎಂದರು. "ಕೂತುಕೊಳ್ಳಲಿ."