ಗ್ರೀವ್ಸ್ ಹಾಲೋದಲ್ಲಿ ಅಧಿಕಾರ ಹಂಚಿಕೆಯಾದದ್ದು

ಅಧಿಕಾರವೆಲ್ಲ ಒಂದೇ ಕೈಯಲ್ಲಿ ಸೇರಿದರೆ ದಬ್ಬಾಳಿಕೆ ಹುಟ್ಟುತ್ತದೆ ಎಂಬುದನ್ನು ಅಮೆರಿಕದ ನ್ಯೂ ಹ್ಯಾಂಪ್‌ಷೈರಿನ ನಮ್ಮ ಗ್ರೀವ್ಸ್ ಹಾಲೋ ಗ್ರಾಮಸಭೆ ಸರ್ವಾನುಮತದಿಂದ ಒಪ್ಪಿಕೊಂಡಿತು. ಇಂಗ್ಲೆಂಡಿನ ರಾಜನ ಸೈನ್ಯ ಯುದ್ಧದಲ್ಲಿ ನಮಗೆ ಸೋತು ಹಡಗು ಹತ್ತಿ ಹೋದ ಮರುವರ್ಷದ ಮಾತು. ಫ್ರಾನ್ಸಿನ ತತ್ವಜ್ಞಾನಿಗಳು ಹೇಳಿದ್ದನ್ನು ಪಾದ್ರಿಗಳು ನಮಗೆ ಓದಿ ತಿಳಿಸಿದರು: ಕಾನೂನು ಮಾಡುವವನೊಬ್ಬ, ಜಾರಿ ಮಾಡುವವನೊಬ್ಬ, ತೀರ್ಪು ಕೊಡುವವನೊಬ್ಬ ಇರತಕ್ಕದ್ದು. ಸಭಾಮಂದಿರದ ಗಂಟೆ ಬಾರಿಸುವ ನಾನೂ ಕೈ ಎತ್ತಿದೆ.

ಮನುಷ್ಯರೆಲ್ಲ ಸಮಾನರಾದ್ದರಿಂದ ಈ ಹುದ್ದೆಗಳಿಗೆ ಯಾರು ಬೇಕಾದರೂ ನಿಲ್ಲಬಹುದಿತ್ತು. ಗಂಡಸಾಗಿದ್ದು, ನೂರು ಪೌಂಡಿನ ಆಸ್ತಿ ಇದ್ದರೆ ಸಾಕಿತ್ತು. ಅಂಥವರು ಊರಲ್ಲಿ ಹಿಟ್ಟಿನ ಗಿರಣಿಯ ಎಲ್ಕಾನಾ ಪ್ರಾಟ್ ಒಬ್ಬರೇ. ಮೂರೂ ಹುದ್ದೆಗೆ ಅವರೇ ಆರಿಸಿ ಬಂದರು. ದಬ್ಬಾಳಿಕೆಗೆ ಎಡೆಯಾಗಬಾರದೆಂದು ಸಭೆ ಅವರಿಗೆ ಮೂರು ಟೋಪಿ ಮಂಜೂರು ಮಾಡಿತು: ಶಾಸಕರದ್ದು ಕಪ್ಪು, ಕಾನೂನು ಜಾರಿ ಮಾಡುವ ಶೆರೀಫರದ್ದು ಕಂದು, ನ್ಯಾಯಾಧೀಶರದ್ದು ಬೂದು. ಎರಡು ಟೋಪಿ ಏಕಕಾಲಕ್ಕೆ ಧರಿಸತಕ್ಕದ್ದಲ್ಲ. ಅಧಿಕಾರ ಟೋಪಿಯದು, ತಲೆಯದಲ್ಲ.

ಚಳಿ ಶುರುವಾಗುವ ಹೊತ್ತಿಗೆ ಥ್ಯಾಂಕ್‌ಫುಲ್ ಡೋ ಎಂಬ ವಿಧವೆಯ ಹಸು ಪ್ರಾಟರ ತೋಟಕ್ಕೆ ನುಗ್ಗಿ ಎಲೆಕೋಸು ಮೇಯಿತು. ಆಕೆಯ ಗಂಡ ಯುದ್ಧದಲ್ಲಿ ತೀರಿಕೊಂಡಿದ್ದ. ಮಕ್ಕಳಿಗೆ ಆ ಹಾಲೇ ಗತಿ. ಪ್ರಾಟರು ಕಪ್ಪು ಟೋಪಿ ಹಾಕಿಕೊಂಡು, ಎಲೆಕೋಸು ತಿಂದ ಹಸು ಎಲೆಕೋಸಿನ ಯಜಮಾನನಿಗೇ ಸೇರತಕ್ಕದ್ದೆಂದು ಕಾನೂನು ಮಾಡಿ, ಅದನ್ನು ಹಿಂದಿನ ದಿನದಿಂದಲೇ ಜಾರಿಗೆ ತಂದರು. ಆಮೇಲೆ ಕಂದು ಟೋಪಿಯಲ್ಲಿ ಹೋಗಿ ಹಸು ಹಿಡಿದು ತಂದು ತಮ್ಮ ಕೊಟ್ಟಿಗೆಯಲ್ಲಿ ಕಟ್ಟಿದರು.

ಥ್ಯಾಂಕ್‌ಫುಲ್ ಸಭಾಮಂದಿರಕ್ಕೆ ಬಂದಾಗ ಅವರು ಬೂದು ಟೋಪಿಯಲ್ಲಿದ್ದರು.

"ಪ್ರಾಟ್ರೇ, ನನ್ ಹಸು ಬಿಡಿ. ಮಕ್ಕಳು ಉಪವಾಸ ಬಿದ್ದಾವೆ."

"ಅಯ್ಯೋ ಪಾಪ! ಯಾರಮ್ಮ ಹಿಡಿದದ್ದು?"

"ನೀವೇ!"

"ಶೆರೀಫ್ ಇರಬೇಕು. ಅವನ ಕೆಲಸದಲ್ಲಿ ನಾನು ತಲೆ ಹಾಕೋ ಹಾಗಿಲ್ಲ."

"ಕಾನೂನು ಮಾಡಿದ್ದೂ ನೀವೇ ಅಲ್ವಾ?"

"ಶಾಸಕರಾ? ಕಲ್ಲೆದೆ ಮನುಷ್ಯ. ನಂಗೂ ಬೇಜಾರಿದೆ."

"ಮತ್ತೆ ಹಸು ಕಟ್ಟಿಕೊಂಡಿರೋ ಆ ಎಲೆಕೋಸಿನ ಯಜಮಾನ್ರು?"

ಪ್ರಾಟರು ಟೋಪಿ ತೆಗೆದು ಎದೆಗೆ ಒತ್ತಿಕೊಂಡರು. "ಅವನು ಬರೀ ಪ್ರಜೆ ಕಣಮ್ಮ. ಪ್ರಜೆಯ ಹಕ್ಕು ದೇವರು ಕೊಟ್ಟಿದ್ದು. ರಾಜನ ಕೈಲೇ ಮುಟ್ಟೋಕಾಗಲಿಲ್ಲ, ಇನ್ನು ನಾನ್ಯಾವ ಲೆಕ್ಕ?"

"ಮೂರು ಟೋಪಿ ನಿಮ್ ತಲೆಗಲ್ಲ ಸ್ವಾಮಿ, ಊರಿಗೆ ಹಾಕಿದ್ದು," ಅಂದಳು ಥ್ಯಾಂಕ್‌ಫುಲ್.

ಕಂದು ಟೋಪಿ ಗೋಡೆಯ ಮೊಳೆಯಲ್ಲಿತ್ತು. ಆಕೆ ಅದನ್ನು ತೆಗೆದು ತಲೆಗಿಟ್ಟುಕೊಂಡಳು. ಹುಬ್ಬಿನ ತನಕ ಇಳಿಯಿತು. ನೆಟ್ಟಗೆ ಪ್ರಾಟರ ಕೊಟ್ಟಿಗೆಗೆ ಹೋಗಿ, "ಜಪ್ತಿ!" ಎಂದು ಕೂಗಿ ಹಗ್ಗ ಬಿಚ್ಚಿದಳು.

"ಹಿಡೀರೋ ಅವಳನ್ನ!" ಪ್ರಾಟರು ಏದುಸಿರು ಬಿಡುತ್ತ ಓಡಿ ಬಂದರು.

"ಯಾರು ಹೇಳ್ತಿರೋದು?" ಅಲ್ಲೇ ನಿಂತಿದ್ದ ಕಮ್ಮಾರ ಜೆಡಿಡಯಾ ವಿನಯದಿಂದಲೇ ಕೇಳಿದ.

ಪ್ರಾಟರು ತಲೆ ಮುಟ್ಟಿ ನೋಡಿಕೊಂಡರು. ಬರಿದಾಗಿತ್ತು. ಹಸು ಮನೆ ಸೇರಿತು.

ಹಸು ಬಿಡಿಸಿಕೊಂಡು ಹೋದದ್ದರ ವಿಚಾರಣೆಯ ದಿನ ಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಥ್ಯಾಂಕ್‌ಫುಲ್ ಮಕ್ಕಳನ್ನು ಅವುಚಿಕೊಂಡು ನಿಂತಿದ್ದಳು. ಬೂದು ಟೋಪಿಯ ಪ್ರಾಟರು ಬೆವರಿದರು. ಅಧಿಕಾರ ಟೋಪಿಯದಲ್ಲ ಎಂದರೆ ತಾವು ಅಷ್ಟು ದಿನ ಮಾಡಿದ ಜಪ್ತಿಯೆಲ್ಲ ರದ್ದಾಗಿ, ಕಮ್ಮಾರನ ಕುರಿಗಳನ್ನೂ ಪಾದ್ರಿಗಳ ಕುದುರೆಯನ್ನೂ ಹಿಂದಿರುಗಿಸಬೇಕಿತ್ತು. ಕೊನೆಗೆ ತೀರ್ಪು ಓದಿದರು:

"ಹೆಂಗಸು ಅಧಿಕಾರದಲ್ಲಿರುವುದು ಅಸಾಧ್ಯವಾದ್ದರಿಂದ, ಸದರಿ ಸಮಯದಲ್ಲಿ ಟೋಪಿಯ ಕೆಳಗೆ ಯಾರೂ ಇರಲಿಲ್ಲ. ಟೋಪಿಯೇ ಹಸುವನ್ನು ಜಪ್ತಿ ಮಾಡಿ ಡೋ ಅವರ ಮನೆಯಲ್ಲಿ ಇರಿಸಿದೆ. ಜಪ್ತಿ ಊರ್ಜಿತ."

ವಿವೇಕಕ್ಕೆ ಜಯವಾಯಿತೆಂದು ಪಾದ್ರಿಗಳು ಕಣ್ಣೊರೆಸಿಕೊಂಡರು. ಮುಂದಿನ ಚುನಾವಣೆಯಲ್ಲಿ ನಾವು ಟೋಪಿಯನ್ನೇ ಶೆರೀಫನನ್ನಾಗಿ ಆರಿಸಿದೆವು. ಅದಕ್ಕೆ ತಾನಾಗಿ ನಡೆಯಲು ಬಾರದ್ದರಿಂದ ಅದನ್ನು ಹೊತ್ತು ತಿರುಗಲು ಸಭೆ ಒಂದು ಗೂಟವನ್ನು ನೇಮಿಸಲು ಒಪ್ಪಿತು. ಗೂಟಕ್ಕೆ ಆಸ್ತಿಯಾಗಲಿ ಗಂಡಸುತನವಾಗಲಿ ಬೇಕಿಲ್ಲವೆಂದು ತೀರ್ಮಾನಿಸಿ ಥ್ಯಾಂಕ್‌ಫುಲ್‌ಗೆ ಆ ಕೆಲಸ ಕೊಟ್ಟೆವು.

ಇವತ್ತು ಬೆಳಗ್ಗೆ ಗೂಟ ಗಿರಣಿಗೆ ಹೋಗಿ ತೂಕದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೋಡಿತು. ಪ್ರಾಟರು ಎದ್ದು ನಿಂತು ಬಗ್ಗಿ ನಮಸ್ಕರಿಸಿದರು, ಟೋಪಿಗೆ.