ಸಾವಿರ ಗುಂಡಿನ ಡಬ್ಬಿ

ಮ್ಯಾನೇಜರು ಹೊಸ ಅಳತೆಯ ಡಬ್ಬಿ ಮಾಡಿಸಿದ್ದೇ ಎಲ್ಲ ರಗಳೆಗೂ ಮೂಲ. ಬೇರಿಂಗಿಗೆ ಹಾಕುವ ಸಾವಿರ ಉಕ್ಕಿನ ಗುಂಡುಗಳಿಗೆ ಎಷ್ಟು ಜಾಗ ಬೇಕೆಂದು ಫ್ಯಾನಿನಡಿ ಕೂತು ಅವರೇ ಲೆಕ್ಕ ಹಾಕಿದ್ದರು. ಗುಂಡುಗಳನ್ನೊಂದು ಮಾತು ಕೇಳಿರಲಿಲ್ಲ, ಅಷ್ಟೇ.

ಪ್ಯಾಕಿಂಗ್ ವಿಭಾಗದವನನ್ನು ಎಲ್ಲರೂ ಕರೆಯುತ್ತಿದ್ದದ್ದು ಆಯ್ತಪ್ಪ ಎಂದು. ಯಾರು ಏನು ಹೇಳಿದರೂ 'ಆಯ್ತು' ಎನ್ನುವ ಸ್ವಭಾವ. ಬೆಳಿಗ್ಗೆ ಅವನು ಮೊದಲ ಡಬ್ಬಿಗೆ ಗುಂಡು ಸುರಿದ. ಬಾಯಿ ತನಕ ತುಂಬಿದರೂ ಇನ್ನೂರರಷ್ಟು ಹೊರಗೇ ಉಳಿದು, ಬಸ್ಸು ತಪ್ಪಿದ ಪ್ರಯಾಣಿಕರಂತೆ ಅವನನ್ನೇ ನೋಡಿದವು.

"ಸಂಜೆ ಇನ್‌ಸ್ಪೆಕ್ಟರ್ ಬರ್ತಾರೆ. ಸಾವಿರ ಅಂದ್ರೆ ಸಾವಿರ! ಡಬ್ಬಿ ಪಾಸಾದ್ಮೇಲೆ ನೀನು ಮನೆಗೆ," ಎಂದರು ಮ್ಯಾನೇಜರು.

ಐದಕ್ಕೆ ಮಗಳ ಶಾಲೆಯಲ್ಲಿ ನಾಟಕ. ಅವಳದು ಮರದ ಪಾತ್ರ. "ನಾನು ಅಲ್ಲಾಡದೆ ನಿಂತಿರೋದನ್ನ ನೋಡೋಕೆ ಬರ್ಲೇಬೇಕು ಅಪ್ಪ," ಎಂದು ಆಣೆ ಹಾಕಿಸಿಕೊಂಡಿದ್ದಳು.

"ಕುಲುಕಣ್ಣ, ತಾನಾಗೇ ಇಳಿಯುತ್ತೆ," ಎಂದ ಲಾರಿ ಡ್ರೈವರ್. ಆಯ್ತಪ್ಪ ಕುಲುಕಿದ. ಅರವತ್ತೈದು ಗುಂಡು ಒಳಗೆ ಹೋದವು. ತೋಳು ಕಳಚಿ ಬರುವಷ್ಟು ಕುಲುಕಿದರೂ ಮಿಕ್ಕ ನೂರಮೂವತ್ತೈದರಲ್ಲಿ ಒಂದೂ ಜಗ್ಗಲಿಲ್ಲ. "ಮೆತ್ತಗೆ ಹೇಳಿದ್ರೆ ಕೇಳಲ್ಲ ಇವು," ಎಂದು ಡ್ರೈವರ್ ಡಬ್ಬಿಗೊಂದು ಒದೆ ಕೊಟ್ಟ. ಗುಂಡುಗಳು ಶೆಡ್ಡಿನ ಮೂಲೆಮೂಲೆಗೂ ಉರುಳಿದವು. ಡ್ರೈವರಿಗೆ ತಕ್ಷಣ ಲಾರಿಯ ನೆನಪಾಯಿತು. ಆಯ್ತಪ್ಪ ಊಟದ ಹೊತ್ತಿನವರೆಗೂ ಮೊಣಕಾಲ ಮೇಲೆ ತೆವಳಿದ.

ಗೋಡೌನಿನ ಗುಮಾಸ್ತ ಕನಿಕರಿಸಿದ. "ಸುಮ್ನೆ ಸುರಿದ ಗುಂಡು ಹೇಗ್ಹೇಗೋ ಕೂತ್ಕೊಳ್ತವೆ ಕಣಪ್ಪ. ಎಷ್ಟು ಕುಲುಕಿದ್ರೂ ನೂರು ಪಾಲು ಜಾಗದಲ್ಲಿ ಅರವತ್ನಾಲ್ಕು ಪಾಲೇ ತುಂಬೋದು, ಮಿಕ್ಕಿದ್ದು ಸಂದಿ. ಒಂದೊಂದೇ ಕೈಯಲ್ಲಿ ಜೋಡಿಸಿದ್ರೆ ಎಪ್ಪತ್ನಾಲ್ಕು. ಸಾಹೇಬ್ರು ಹಾಕಿರೋದು ಆ ಲೆಕ್ಕ."

"ಅವರಿಗೇ ಹೇಳಬಾರದಿತ್ತಾ?"

"ಹೇಳ್ದೆ. ಅದಕ್ಕೇ ಆಫೀಸಿಂದ ಗೋಡೌನಿಗೆ ಬಂದಿರೋದು."

ಆಯ್ತಪ್ಪ ಜೋಡಿಸಲು ಕೂತ. ಒಂದು ಪದರ, ಅದರ ಗುಳಿಗಳಲ್ಲಿ ಮೇಲಿನ ಪದರ. ಕೆಮ್ಮು ಬಂದರೂ ನುಂಗಿಕೊಂಡ. ಕತ್ತು ಕೊಕ್ಕರೆಯದಾಯಿತು. ನಾಲ್ಕೂಕಾಲಿಗೆ ಸಾವಿರನೆಯ ಗುಂಡು ಕೂತು, ಮುಚ್ಚಳ ಟಕ್ಕೆಂದಾಗ ಅವನ ಕಣ್ಣು ತುಂಬಿ ಬಂತು.

ಇನ್‌ಸ್ಪೆಕ್ಟರ್ ಬಂದರು. ಡಬ್ಬಿಯನ್ನು ತಿರುಗಿಸಿ ನೋಡಿ, "ಸಾವಿರ ಇದೆಯೇನಪ್ಪ?" ಎಂದರು.

"ಒಂದೂ ಕಮ್ಮಿಯಿಲ್ಲ ಸಾರ್!"

ಇನ್‌ಸ್ಪೆಕ್ಟರ್ ಮುಚ್ಚಳ ತೆಗೆದು, ಡಬ್ಬಿಯನ್ನು ತಕ್ಕಡಿಯ ತಟ್ಟೆಗೆ ಗಳಗಳನೆ ಬೋರಲು ಹಾಕಿದರು. ಮುಳ್ಳು ನೋಡಿದರು. "ತೂಕ ಕರಾರುವಾಕ್ಕಾಗಿದೆ. ಪಾಸ್!"

ಮ್ಯಾನೇಜರು ಆಯ್ತಪ್ಪನ ಬೆನ್ನು ತಟ್ಟಿದರು. "ಭೇಷ್! ಈ ಗುಂಡನ್ನೆಲ್ಲ ವಾಪಸ್ ತುಂಬಿಟ್ಟು ಹೊರಡು. ಎರಡು ನಿಮಿಷದ ಕೆಲಸ."