ಐದು ನಕ್ಷತ್ರದ ಬೆಲ್ಟು

ಮೇ ಹದಿನಾರು. ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು, ಗಾಳಿ ಇರಲಿಲ್ಲ. ಅಂದು ಚಿಮ್ಮನಚೋಡದಲ್ಲಿ ಅಕ್ಕನ ಮಗಳ ಮದುವೆ. ಹುಡುಗಿಗೆ ನಾನೊಬ್ಬನೇ ಸೋದರಮಾವ. ಅವಳ ಕೈ ಹಿಡಿದು ಹಂದರಕ್ಕೆ ಕರೆತರಬೇಕಾದವನು. ಅಲ್ಲಿಯವರೆಗೆ ನನ್ನ ಹಳೆಯ ಕಾರು ಓಡಲೆಂದು ತಿಂಗಳಿನಿಂದ ಆನ್‌ಲೈನಿನಲ್ಲಿ ಅಗ್ಗದ ಬಿಡಿಭಾಗ ತರಿಸುತ್ತಿದ್ದೆ. ಮಾಲು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯದು, ತಿಳಿದವರನ್ನು ಕೇಳುತ್ತಿದ್ದೆ. ಕೇಳಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗುತ್ತಿತ್ತು.

೧. ಶಹಾಬಾದಿನ ಪರೀಕ್ಷೆ

ಮೊದಲು ಬಂದದ್ದು ಬ್ರೇಕ್ ಪ್ಯಾಡು. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಶಿಕಲ್ಲಿನ ವ್ಯಾಪಾರ ಮಾಡುವ ಗೆಳೆಯನಿಗೆ ತೋರಿಸಿದೆ. ಅವನು ಕಲ್ಲು ನೋಡುವಂತೆಯೇ ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನ ಗಿಣ್ಣಿನಿಂದ ಬಡಿದ.

“ಠಣ್ ಅಂತದ. ಒಳಗ ಸೀಳಿಲ್ಲ. ಕಣ್ಣು ಮುಚ್ಚಿ ಹಾಕ್ರಿ.”

ಹಾಕಿಸಿದೆ. ಬ್ರೇಕ್ ಒತ್ತಿದರೆ ಕಾರು ಕಿರುಚತೊಡಗಿತು. ಬಜಾರಿನಲ್ಲಿ ಎಮ್ಮೆಗಳು ಕೂಡ ದಾರಿ ಬಿಟ್ಟವು. ಗೆಳೆಯನಿಗೆ ಫೋನ್ ಮಾಡಿದೆ.

“ಭಾಳ ಸಪ್ಪಳ ಮಾಡಾಕತ್ತದ.”

“ಮತ್ತ? ದನಿ ಛಲೋ ಅದ ಅಂತ ನಾ ಮೊದಲೇ ಹೇಳಿದ್ದಿಲ್ಲೇನು?”

೨. ಸೇಡಂನ ಪರೀಕ್ಷೆ

ರೇಡಿಯೇಟರಿನ ರಬ್ಬರ್ ಪೈಪು ಬಂದಾಗ ನಾನು ಸೇಡಂನಲ್ಲಿದ್ದೆ, ತೊಗರಿ ಖರೀದಿಸುವ ಸಾಹುಕಾರರ ಅಂಗಡಿಯಲ್ಲಿ. ಅವರು ಪೈಪನ್ನು ಮೂಸಿದರು, ಉಗುರಿನಿಂದ ಒತ್ತಿದರು, ತುದಿಯನ್ನು ಹಲ್ಲಿಗೂ ಇಟ್ಟುಕೊಂಡರು.

“ಮಾಲು ಹಸಿ ಅದರಿ ಸರ. ಎರಡು ದಿನ ಬಿಸಿಲಿಗಿ ಹಾಕ್ರಿ.”

ಮೂವತ್ತು ವರ್ಷ ಮಾಲು ನೋಡಿದ ಮನುಷ್ಯ. ಮಾತು ಮೀರಲಾಗದೆ ಮಾಳಿಗೆಯ ಮೇಲೆ ಒಣಹಾಕಿದೆ. ಮೂರನೆಯ ದಿನ ಎತ್ತಿದರೆ ಹಪ್ಪಳದ ಹಾಗೆ ಮುರಿಯಿತು. ತುಂಡುಗಳನ್ನು ಒಯ್ದು ತೋರಿಸಿದೆ. ಸಾಹುಕಾರರು ಬೇಸರಪಡಲಿಲ್ಲ.

“ಪುಣ್ಯಾ ಮಾಡೀರಿ. ಹಸೀದೇ ಚೀಲಕ್ಕ ತುಂಬಿದ್ರ ಬೂಸ್ರು ಹಿಡೀತಿತ್ತು.”

೩. ವಾಡಿಯ ನಕ್ಷತ್ರಗಳು

ಫ್ಯಾನ್ ಬೆಲ್ಟನ್ನು ಮಾತ್ರ ಓದಿ ನೋಡಿ ತರಿಸಿದೆ. ಅದಕ್ಕೆ ಐದು ನಕ್ಷತ್ರ ಕೊಟ್ಟು, ‘ಒಂದು ವರ್ಷ ಆಯಿತು, ಭೇಷ್ ನಡೆಯುತ್ತಿದೆ’ ಎಂದು ಬರೆದಿದ್ದವರು ವಾಡಿ ಊರಿನವರು, ನನ್ನದೇ ಆಫೀಸಿನ ಸಹೋದ್ಯೋಗಿ. ಹೆಸರು ಕಂಡ ಮೇಲೆ ಮತ್ತೇನೂ ಕೇಳಲಿಲ್ಲ.

ಮದುವೆಯ ದಿನ ಚಿಂಚೋಳಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೆಲ್ಟು ಹರಿಯಿತು. ಮುಹೂರ್ತಕ್ಕೆ ಮುಕ್ಕಾಲು ಗಂಟೆ ಇತ್ತು. ರಸ್ತೆಯ ಬದಿಯಿಂದಲೇ ಅವರಿಗೆ ಫೋನ್ ಮಾಡಿದೆ.

“ನಿಮ್ಮ ಕಾರಿಗಿ ವರ್ಷ ಬಾಳಿಕಿ ಬಂತಲ್ರಿ?”

“ನನ್ನ ಹತ್ರ ಕಾರು ಎಲ್ಲಿ ಅದರಿ ಸರ? ನಾ ಹಿಟ್ಟಿನ ಗಿರಣಿಗಿ ಹಾಕೀನಿ. ಜ್ವಾಳದ ಹಿಟ್ಟು ಭಾಳ ಸಣ್ಣಗ ಬರ್ತದ, ನೋಡ್ರಿ!”

೪. ಹಂದರದ ಬಾಗಿಲಲ್ಲಿ

ಆ ದಾರಿಯಲ್ಲಿ ಟ್ರ್ಯಾಕ್ಟರ್ ಹೊಡೆದುಕೊಂಡು ಬಂದವನು ನನ್ನದೇ ವಯಸ್ಸಿನ ರೈತ. ವಿಷಯ ಕೇಳಿ, “ಮಾವ ಇಲ್ದ ಮದಿವಿ ಹೆಂಗ ಆಗ್ತದ? ಕುಂದ್ರಿ ಒಳಗ” ಎಂದು ಕಾರಿಗೆ ಹಗ್ಗ ಕಟ್ಟಿದ. ಅವನು ಮುಂದೆ, ಹಗ್ಗದ ಹಿಂದೆ ಸ್ಟೇರಿಂಗ್ ಹಿಡಿದು ನಾನು.

ಹಂದರದ ಮುಂದೆ ನಿಂತೆವು. ಇಳಿಯಲು ಬಾಗಿಲಿನ ಹಿಡಿ ಎಳೆದೆ. ಅದೂ ಆನ್‌ಲೈನಿನದೇ, ಕೈಗೇ ಬಂತು. ಪಕ್ಕದ ಸೀಟಿನಿಂದ ಹಿಂದಿನವರೆಗೂ ಮದುವೆಗೆ ಕೊಡುವ ಹಿತ್ತಾಳೆ ಪಾತ್ರೆಗಳು. ಕಿಟಕಿಯ ಗಾಜು ನಾಲ್ಕು ಬೆರಳಷ್ಟೇ ಇಳಿಯಿತು. ಆ ಸಂದಿಯಿಂದ ಕೂಗಿದೆ; ಬಾಜಾದ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ.

ಹಂದರದ ಬಾಗಿಲಲ್ಲಿ ಕಾಯುತ್ತಿದ್ದವರು ಬೀಗರ ಕಡೆಯ ಹಿರಿಯರು. ನನ್ನನ್ನು ಅವರು ಎಂದೂ ನೋಡಿರಲಿಲ್ಲ. ಟ್ರ್ಯಾಕ್ಟರಿನಿಂದ ಇಳಿದವನನ್ನು ಕಂಡು, “ಬಂದ್ರು, ಮಾವ ಬಂದ್ರು!” ಎಂದು ತಲೆಗೆ ರುಮಾಲು ಸುತ್ತೇಬಿಟ್ಟರು.

“ನಾ ಅಲ್ಲ್ರಿ ಯಪ್ಪಾ, ಅವರು ಅಲ್ಲಿ—”

“ಈಗ ಮಾತು ಬ್ಯಾಡ್ರಿ, ಮುಹೂರ್ತ ಮೀರ್ತದ, ನಡೀರಿ!”

ಯಾರೋ ಹೊರಗಿನಿಂದ ಬಾಗಿಲು ತೆಗೆದು ನಾನು ಒಳಗೆ ಓಡುವಷ್ಟರಲ್ಲಿ ಹುಡುಗಿ ಅವನ ಕೈ ಹಿಡಿದು ಹಂದರಕ್ಕೆ ಬಂದಾಗಿತ್ತು. ತಲೆ ಎತ್ತಿ ನನ್ನನ್ನು ಹುಡುಕುತ್ತಿದ್ದಳು. ಎಲ್ಲರ ಹಿಂದೆ ನಿಂತು ನಾನೂ ಅಕ್ಷತೆ ಹಾಕಿದೆ. ಅವಳು ಹುಟ್ಟಿದ ದಿನದಿಂದ ಕಾದಿದ್ದ ಕೆಲಸ, ನನ್ನ ಕಣ್ಣೆದುರೇ ಇನ್ನೊಬ್ಬ ಮಾಡಿ ಮುಗಿಸಿದ್ದ.

ಸಂಜೆ, ನನ್ನ ಮೇಲಿನ ಸಿಟ್ಟು ಇಳಿದ ಮೇಲೆ, ಅಕ್ಕ ಹತ್ತಿರ ಬಂದು ಕುಳಿತಳು.

“ಅಲ್ಲೋ ತಮ್ಮಾ, ಆ ಟ್ರ್ಯಾಕ್ಟರಿನಂವಗ ಬಾಡಿಗಿ ಎಷ್ಟು ಕೊಟ್ಟಿ?”

“ಅಂವ ತಗೊಳ್ಳಲಿಲ್ಲಕ್ಕ. ಸೋದರ ಸೊಸಿ ಮದಿವ್ಯಾಗ ಬಾಡಿಗಿ ಹೆಂಗ ತಗೊಳ್ಳಲಿ ಅಂದ.”

“ಹಂಗಾದ್ರ ನೀ ಅಂವಗ ಏನೂ ಕೊಟ್ಟೇ ಇಲ್ಲೇನು?”

“ನಾ ಅಲ್ಲ, ಅಂವನೇ ಕೊಟ್ಟಾನ. ಹೋಗೂಮುಂದ ಹುಡುಗಿ ಕೈಯಾಗ ಐನೂರಾ ಒಂದು ರೂಪಾಯಿ ಇಟ್ಟು ಹ್ವಾದ.”